ಚಾರ್ಲಿ ಬ್ರೌನ್ ಕ್ರಿಸ್ಮಸ್: ಬಾಲ್ಯದ ನಂಟಿಲ್ಲದ ನಮಗೂ ಇದು ಏಕೆ ಹಿಡಿಸುತ್ತದೆ?

ತುಂಗಾತೀರ
ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಒಂದು ವಾಗ್ವಾದ ಎದ್ದೇ ಏಳುತ್ತದೆ. 1965ರ 'ಎ ಚಾರ್ಲಿ ಬ್ರೌನ್ ಕ್ರಿಸ್ಮಸ್' ನನಗೆ ಬಹಳ ಇಷ್ಟ. ಸುಮಾರು 25 ನಿಮಿಷದ ಟಿವಿ ಕಾರ್ಟೂನ್. ಶಿವಮೊಗ್ಗದಲ್ಲಿ ಬೆಳೆಯುವಾಗ ಇದರ ಹೆಸರನ್ನೂ ಕೇಳಿರಲಿಲ್ಲ, ನೋಡಿದ್ದು ಅಮೆರಿಕಕ್ಕೆ ಬಂದ ಮೇಲೆ. ನನ್ನ ಯಜಮಾನರ ವಾದ ಇಷ್ಟು: "ಇಲ್ಲಿಯವರಿಗೆ ಇದು ಬಾಲ್ಯದ ನೆನಪು. ಆ ನೆನಪನ್ನು ಕಳೆದರೆ ಉಳಿಯುವುದು ಒರಟು ಚಿತ್ರಗಳು, ಸದಾ ಮುಖ ಸಪ್ಪೆ ಮಾಡಿಕೊಂಡ ಹುಡುಗ, ಒಂದು ಬಡಕಲು ಗಿಡ."

ನನಗಂತೂ ಆ ನೆನಪಿಲ್ಲ. ಆದರೂ ಆರಂಭದಲ್ಲಿ ಮಕ್ಕಳು ಹೆಪ್ಪುಗಟ್ಟಿದ ಕೊಳದ ಮೇಲೆ ಜಾರುತ್ತಿರುವಾಗ ಆ ಹಾಡು ಕೇಳಿಸಿದರೆ ಕೈಯಲ್ಲಿರುವ ಕೆಲಸ ಬಿಟ್ಟು ಕೂರುತ್ತೇನೆ. ದೊಡ್ಡವರಾದ ಮೇಲೆ ಮೊದಲ ಬಾರಿ ನೋಡಿದವರು ಇಲ್ಲಿ ಇದ್ದರೆ ಹೇಳಿ, ನಿಮಗೆ ಹಿಡಿಸಿತೇ? ಹಿಡಿಸಿದ್ದರೆ ಯಾವುದು?

ಹಳೆಯ ರೆಕಾರ್ಡು
ಸಂಗೀತ. ಮುಂದಿನ ಮಾತೇ ಬೇಡ.

ಮಲೆನಾಡ ಮಳೆ
ನಿಮ್ಮ ಯಜಮಾನರ ಪಕ್ಷ ನಾನು. ಕಳೆದ ವರ್ಷ ಮಗನ ಜೊತೆ ಕುಳಿತು ನೋಡಿದೆ. ಚಾರ್ಲಿಯ ನಾಯಿ ಸ್ನೂಪಿ ಬಂದಾಗಲೆಲ್ಲ ನಕ್ಕ, ಉಳಿದ ಹೊತ್ತು ಆಕಳಿಸಿದ. ಕಥೆ ಎಂಬುದೇ ಇಲ್ಲ. ಒಬ್ಬ ಹುಡುಗ ಹಬ್ಬದಲ್ಲಿ ಬೇಸರಪಟ್ಟುಕೊಳ್ಳುತ್ತಾನೆ, ನಾಟಕ ನಿರ್ದೇಶಿಸಲು ಹೋಗಿ ಸೋಲುತ್ತಾನೆ, ಗಿಡ ತರುತ್ತಾನೆ, ಎಲ್ಲರೂ ನಗುತ್ತಾರೆ. ಮಕ್ಕಳಿಗೆ ತೋರಿಸುವ ವಸ್ತುವೇ ಇದು?

ಹಳೆಯ ರೆಕಾರ್ಡು
@ಮಲೆನಾಡ ಮಳೆ, ಮಕ್ಕಳಿಗೆ ಹಬ್ಬದ ದಿನ ಬೇಸರವಾಗುವುದಿಲ್ಲ ಎಂದು ಯಾರು ಹೇಳಿದರು?

ರೇಖೆ ಮತ್ತು ಬಣ್ಣ
ನಾನು ಅನಿಮೇಷನ್ ಕ್ಷೇತ್ರದಲ್ಲಿರುವವನು. "ಒರಟು ಚಿತ್ರಗಳು" ಎಂಬ ಮಾತಿಗೆ ಉತ್ತರ ಕೊಡಲೇಬೇಕು. ನಿರ್ದೇಶಕ ಬಿಲ್ ಮೆಲೆಂಡೆಜ್ ಮೆಕ್ಸಿಕೋದಲ್ಲಿ ಹುಟ್ಟಿ, ಡಿಸ್ನಿ, ವಾರ್ನರ್, ಯುಪಿಎ ಸ್ಟುಡಿಯೋಗಳಲ್ಲಿ ಪಳಗಿದವರು. ಚೆಂದವಾಗಿ ಚಲಿಸುವ ಚಿತ್ರ ಬರೆಯಲು ಬಾರದ ಕೈಯಲ್ಲ ಅದು. ಆದರೆ ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಶುಲ್ಜ್ ಸೃಷ್ಟಿಸಿದ ಈ ಪಾತ್ರಗಳು ಪತ್ರಿಕೆಯ ಪುಟಕ್ಕಾಗಿ ಹುಟ್ಟಿದವು. ಚಾರ್ಲಿ ಬ್ರೌನ್‌ನ ತಲೆ ಅಷ್ಟು ದೊಡ್ಡದು, ಕೈ ಅಷ್ಟು ಮೋಟು. ಕೈ ಎತ್ತಿದರೆ ನೆತ್ತಿ ಮುಟ್ಟುವುದಿಲ್ಲ. ಅವನನ್ನು ಎಡದಿಂದ ಬಲಕ್ಕೆ ತಿರುಗಿಸುವುದೇ ಅನಿಮೇಟರ್‌ಗೆ ತಲೆನೋವು, ಏಕೆಂದರೆ ನಡುವಿನ ಕೋನದಲ್ಲಿ ಆ ಮುಖಕ್ಕೆ ರೂಪವೇ ಇಲ್ಲ. ಹಾಗಾಗಿ ಅವನು ಪಟ್ಟನೆ ತಿರುಗುತ್ತಾನೆ. ಮೆಲೆಂಡೆಜ್ ಆ ಪಾತ್ರಗಳನ್ನು ದುಂಡಗೆ ತಿದ್ದಿ ಡಿಸ್ನಿಯ ಗೊಂಬೆಗಳನ್ನಾಗಿ ಮಾಡಬಹುದಿತ್ತು. ಮಾಡಲಿಲ್ಲ. ಶುಲ್ಜ್ ಅವರ ಗೆರೆ ಹೇಗಿತ್ತೋ ಹಾಗೆಯೇ ಉಳಿಸಿಕೊಂಡರು. ಇದಕ್ಕೂ ಮೊದಲು ಫೋರ್ಡ್ ಕಾರಿನ ಜಾಹೀರಾತುಗಳಲ್ಲಿ ಇದೇ ಪಾತ್ರಗಳನ್ನು ಅವರು ಚಲಿಸುವಂತೆ ಮಾಡಿದ್ದರು, ಶುಲ್ಜ್ ಮೆಲೆಂಡೆಜ್ ಅವರನ್ನು ನಂಬಿದ್ದು ಅದರಿಂದಲೇ.

ಇನ್ನೊಂದು ವಿಷಯ. ಸ್ನೂಪಿಯ ಧ್ವನಿಯೂ ಮೆಲೆಂಡೆಜ್ ಅವರದೇ. ಬಾಯಿಗೆ ಬಂದ ಅರ್ಥವಿಲ್ಲದ ಸದ್ದು ಮಾಡಿ, ಧ್ವನಿಮುದ್ರಣವನ್ನು ವೇಗವಾಗಿ ಓಡಿಸಿದರು.

ಕಾಡುಹೂವು
ಸ್ನೂಪಿ ಧ್ವನಿಯ ಮಾಹಿತಿ ಹೊಸದು, ಧನ್ಯವಾದ. ಆ ಕುರಿ, ಹಸು, ಪೆಂಗ್ವಿನ್ ಅನುಕರಣೆ ಮಾಡುವ ಜಾಗವನ್ನು ನಮ್ಮ ಮನೆಯಲ್ಲಿ ಹಿಂದಕ್ಕೆ ಓಡಿಸಿ ಓಡಿಸಿ ನೋಡುತ್ತಾರೆ.

ತುಂಗಾತೀರ
@ರೇಖೆ ಮತ್ತು ಬಣ್ಣ, ಇದನ್ನು ಓದಿ ಹೇಳಿದೆ. "ಕಷ್ಟಪಟ್ಟಿದ್ದಾರೆ ಎಂದ ಮಾತ್ರಕ್ಕೆ ಚೆನ್ನಾಗಿರಬೇಕೆಂದಿಲ್ಲ" ಎಂಬ ಉತ್ತರ ಬಂತು. ಚರ್ಚೆ ಮುಂದುವರಿಯಲಿ.

ಕರಾವಳಿಯ ಓದುಗ
ನನಗೆ ಹಿಡಿದದ್ದು ಮಕ್ಕಳ ಧ್ವನಿ. ಆ ಕಾಲದಲ್ಲಿ ಮಕ್ಕಳ ಪಾತ್ರಗಳಿಗೆ ದೊಡ್ಡವರೇ ಧ್ವನಿ ಕೊಡುವುದು ವಾಡಿಕೆ. ಇಲ್ಲಿ ನಿಜವಾದ ಮಕ್ಕಳನ್ನು ತಂದರು. ಚಾರ್ಲಿಗೆ ಪೀಟರ್ ರಾಬಿನ್ಸ್, ಅವನ ಗೆಳೆಯ ಲೈನಸ್‌ಗೆ ಕ್ರಿಸ್ಟೋಫರ್ ಶಿಯಾ. ಚಾರ್ಲಿಯ ತಂಗಿ ಸ್ಯಾಲಿಗೆ ಧ್ವನಿ ಕೊಟ್ಟ ಕ್ಯಾಥಿ ಸ್ಟೈನ್‌ಬರ್ಗ್ ಎಷ್ಟು ಚಿಕ್ಕವಳೆಂದರೆ ಅವಳಿಗೆ ಇನ್ನೂ ಓದಲು ಬರುತ್ತಿರಲಿಲ್ಲ. ತುಂಡು ತುಂಡಾಗಿ ಹೇಳಿಕೊಟ್ಟು, ಅವಳಿಂದ ಹೇಳಿಸಿ, ಆಮೇಲೆ ಜೋಡಿಸಿದರು. ಸಾಂಟಾಗೆ ಬರೆಸುವ ಪತ್ರದ ದೃಶ್ಯವನ್ನು ಕಿವಿಗೊಟ್ಟು ಕೇಳಿ. ಉಡುಗೊರೆ ಆರಿಸುವುದು ಕಷ್ಟವಾದರೆ ಹತ್ತು, ಇಪ್ಪತ್ತರ ನೋಟು ಕಳಿಸಿದರೂ ಆದೀತು ಎನ್ನುತ್ತಾಳೆ. ಅಣ್ಣ ಗಾಬರಿಯಾಗಿ ಓಡಿದರೆ, ನನಗೆ ಬರಬೇಕಾದ ಪಾಲು ಬಂದರೆ ಸಾಕು ಎಂಬ ಸಮರ್ಥನೆ. ಆ ಮಾತಿನಲ್ಲಿ ಪದಗಳ ನಡುವೆ ಎಡವುವ ಸಣ್ಣ ಅಂತರವಿದೆ. ನಟನೆಯ ತರಬೇತಿ ಪಡೆದ ದೊಡ್ಡವರ ಗಂಟಲಿನಿಂದ ಅದು ಹೊರಡುವುದಿಲ್ಲ.

ಮಲೆನಾಡ ಮಳೆ
ಆ ಎಡವುವಿಕೆಯೇ ನನಗೆ ಕಿರಿಕಿರಿ. ಸಂಕಲನ ಸರಿಯಿಲ್ಲ ಎನಿಸುತ್ತದೆ.

ಕರಾವಳಿಯ ಓದುಗ
ಸರಿಯಿಲ್ಲದಿರುವುದರಿಂದಲೇ ಅದು ಮಗು ಎನಿಸುತ್ತದೆ, ಸ್ವಾಮಿ.

ಅಂಚೆಪೆಟ್ಟಿಗೆ
ಶಿಕ್ಷಕಿ ಮಾತನಾಡಿದಾಗ ಟ್ರಾಂಬೋನ್‌ನ "ವ್ಹಾ ವ್ಹಾ" ಸದ್ದು ಬರುತ್ತದಲ್ಲ, ಅದೂ ನನಗೆ ಅಚ್ಚುಮೆಚ್ಚು. ದೊಡ್ಡವರ ಮಾತು ಮಕ್ಕಳಿಗೆ ಹೇಗೆ ಕೇಳಿಸುತ್ತದೆ ಎಂಬುದನ್ನು ಎಷ್ಟು ಚೆನ್ನಾಗಿ ತೋರಿಸಿದ್ದಾರೆ!

ರೇಖೆ ಮತ್ತು ಬಣ್ಣ
@ಅಂಚೆಪೆಟ್ಟಿಗೆ, ಅದು ಇದರಲ್ಲಿಲ್ಲ. ಆ ಟ್ರಾಂಬೋನ್ ಬಂದದ್ದು 1967ರ 'ಯು ಆರ್ ಇನ್ ಲವ್, ಚಾರ್ಲಿ ಬ್ರೌನ್'ನಲ್ಲಿ. ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ದೊಡ್ಡವರು ಕಾಣಿಸುವುದೂ ಇಲ್ಲ, ಕೇಳಿಸುವುದೂ ಇಲ್ಲ. ನಾಟಕದ ತಾಲೀಮಿಗೂ ಮಕ್ಕಳೇ, ಗಿಡ ಕೊಳ್ಳಲೂ ಮಕ್ಕಳೇ. ಮನಸ್ಸಿಗೆ ಸರಿಯಿಲ್ಲವೆಂದರೆ ಸಲಹೆ ಕೊಡುವವಳೂ ಲೈನಸ್‌ನ ಅಕ್ಕ ಲೂಸಿಯೇ, 5 ಸೆಂಟ್ ಶುಲ್ಕ ಪಡೆದು.

ಮೃದಂಗ ಮತ್ತು ಪಿಯಾನೋ
ಸಂಗೀತ ಎಂದು ಒಂದೇ ಪದ ಬರೆದು ಹೋದವರ ಪರವಾಗಿ ನಾನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ನಿರ್ಮಾಪಕ ಲೀ ಮೆಂಡೆಲ್ಸನ್ ಮೊದಲು ಶುಲ್ಜ್ ಅವರ ಕುರಿತು ಒಂದು ಸಾಕ್ಷ್ಯಚಿತ್ರ ಮಾಡಿದ್ದರು. ಅದನ್ನು ಯಾವ ವಾಹಿನಿಯೂ ಕೊಳ್ಳಲಿಲ್ಲ. ಆ ಕಾಲದಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ದಾಟುತ್ತಿದ್ದಾಗ ಟ್ಯಾಕ್ಸಿಯ ರೇಡಿಯೋದಲ್ಲಿ ಜಾಝ್ ಪಿಯಾನೋ ವಾದಕ ವಿನ್ಸ್ ಗ್ವರಾಲ್ಡಿ ಅವರ 'ಕಾಸ್ಟ್ ಯುವರ್ ಫೇಟ್ ಟು ದ ವಿಂಡ್' ಕೇಳಿ, ಇವರೇ ಬೇಕು ಎಂದು ಹುಡುಕಿಸಿದರು. 'ಲೈನಸ್ ಅಂಡ್ ಲೂಸಿ' ಎಂಬ ವಾದ್ಯಸಂಗೀತ ಹುಟ್ಟಿದ್ದು ಮಾರಾಟವಾಗದ ಆ ಸಾಕ್ಷ್ಯಚಿತ್ರಕ್ಕಾಗಿ. ಮಕ್ಕಳೆಲ್ಲ ವೇದಿಕೆಯ ಮೇಲೆ ಕುಣಿಯುವಾಗ ಬರುವುದು ಅದೇ.

ನುಡಿಸಿ ನೋಡಿದವರಿಗೆ ಗೊತ್ತು: ಎಡಗೈ ಒಂದೇ ಚಲನೆಯನ್ನು ಬಿಡದೆ ಸುತ್ತುತ್ತಿರುತ್ತದೆ, ಬಲಗೈ ಅದರ ತಾಳಕ್ಕೆ ಸ್ವಲ್ಪ ಸರಿದು ಕೂರುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಲು ಕೈ ಸೋಲುತ್ತದೆ. ಕೇಳುವವರಿಗೆ ಮಾತ್ರ ಆಟದಷ್ಟು ಸರಾಗ. ಪಿಯಾನೋ, ಬಾಸ್, ಡ್ರಮ್ಸ್, ಮೂರೇ ವಾದ್ಯ. ಮಕ್ಕಳ ಕಾರ್ಟೂನಿಗೆ ಜಾಝ್ ಹಾಕುವುದನ್ನು ಸಿಬಿಎಸ್ ವಾಹಿನಿಯವರು ಒಪ್ಪಿರಲಿಲ್ಲ. ಇವತ್ತು ಈ ಸಂಗೀತದ ಆಲ್ಬಂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ನೋಂದಣಿಯಲ್ಲಿದೆ, 2012ರಲ್ಲಿ ಸೇರಿತು.

ತುಂಗಾತೀರ ಹೇಳಿದ ಆರಂಭದ ಹಾಡಿಗೆ ಮೊದಲು ಸಾಹಿತ್ಯವೇ ಇರಲಿಲ್ಲ. ಬರೆಯುವವರು ಸಿಗದೆ ಮೆಂಡೆಲ್ಸನ್ ತಾವೇ ಒಂದು ಲಕೋಟೆಯ ಹಿಂಬದಿಯಲ್ಲಿ ಬರೆದರು. ಹಾಡಿದ್ದು ಸ್ಯಾನ್ ರಫೇಲ್ ಊರಿನ ಚರ್ಚಿನ ಮಕ್ಕಳು. ಶಬ್ದಗಳೆಲ್ಲ ಹಬ್ಬದ ಸಂಭ್ರಮದವು, ರಾಗ ಮಾತ್ರ ಒಳಗೊಳಗೇ ಮಂಕು. ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮದ ಜೀವ ಅಲ್ಲಿದೆ.

ಹಳೆಯ ರೆಕಾರ್ಡು
ಇದನ್ನೇ ನಾನು ಹೇಳಿದ್ದು.

ಕಾಡುಹೂವು
ಗ್ವರಾಲ್ಡಿ 1976ರಲ್ಲಿ ತೀರಿಕೊಂಡರು, 47 ವರ್ಷಕ್ಕೇ. ಕಛೇರಿಯ ಎರಡು ಭಾಗಗಳ ನಡುವಿನ ವಿರಾಮದಲ್ಲಿ. ಅದು ಗೊತ್ತಾದ ಮೇಲೆ ಆ ಪಿಯಾನೋ ಬೇರೆ ರೀತಿ ಕೇಳಿಸುತ್ತದೆ.

ನೇರಮಾತು
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಒಂದು ಆಕ್ಷೇಪ ಎತ್ತುತ್ತೇನೆ. ಹಬ್ಬ ವ್ಯಾಪಾರವಾಗಿದೆ ಎಂದು ಅತ್ತುಕೊಳ್ಳುವ ಈ ಕಾರ್ಯಕ್ರಮಕ್ಕೆ ಹಣ ಕೊಟ್ಟಿದ್ದು ಕೋಕಾ-ಕೋಲಾ. ಮೊದಲ ಪ್ರಸಾರದಲ್ಲಿ ಲೈನಸ್ ಹಿಮದಲ್ಲಿ ಜಾರಿಹೋಗಿ ಬಡಿಯುವುದು ಕೋಕಾ-ಕೋಲಾ ಫಲಕಕ್ಕೆ. ಆಮೇಲೆ ಅದನ್ನು ಕತ್ತರಿಸಿದರು. ಈಗ ಆ ಬಡಕಲು ಗಿಡದ ಪ್ಲಾಸ್ಟಿಕ್ ಪ್ರತಿಯನ್ನೇ ಅಂಗಡಿಯಲ್ಲಿ ಮಾರುತ್ತಾರೆ, ಅದಕ್ಕೆ ತೂಗುಹಾಕುವ ಕೆಂಪು ಅಲಂಕಾರದ ಗೋಲಿಯ ಸಮೇತ. ಇದು ಆತ್ಮವಂಚನೆ ಅಲ್ಲವೇ?

ಕರಾವಳಿಯ ಓದುಗ
@ನೇರಮಾತು, ಹಣ ಕೊಟ್ಟವರು ಕಥೆ ತಿದ್ದಿದರೇ? ಪ್ರಶ್ನೆ ಅದು. ತಿದ್ದಲಿಲ್ಲ. ಸ್ನೂಪಿ ಬಹುಮಾನದ ಆಸೆಗೆ ಮನೆ ಅಲಂಕರಿಸುವುದು, ಲೂಸಿ ಆಟಿಕೆ ಬೇಡ, ಜಮೀನು ಬೇಕು ಎನ್ನುವುದು ಎಲ್ಲವೂ ಹಾಗೆಯೇ ಉಳಿದವು. ಕಂಪನಿ ಕೇಳಿದ್ದರಿಂದಲೇ ಈ ಕಾರ್ಯಕ್ರಮ ಹುಟ್ಟಿತು. ಅದು ಕೇಳದಿದ್ದರೆ ಶುಲ್ಜ್, ಮೆಂಡೆಲ್ಸನ್ ಇಬ್ಬರೂ ಸಾಕ್ಷ್ಯಚಿತ್ರ ಮಾರಾಟವಾಗಲಿಲ್ಲ ಎಂದು ಸುಮ್ಮನಾಗುತ್ತಿದ್ದರು. ಪ್ಲಾಸ್ಟಿಕ್ ಗಿಡದ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ. ಅದು ನನಗೂ ನೋವು.

ನೇರಮಾತು
ತಿದ್ದಲಿಲ್ಲ ಎಂಬುದು ಆ ಕಂಪನಿಗೆ ಸಲ್ಲಬೇಕಾದ ಶ್ರೇಯಸ್ಸು, ಒಪ್ಪಿದೆ. ಆದರೂ ಐದು ದಶಕಕ್ಕೂ ಹೆಚ್ಚು ಕಾಲ ಈ ಕಾರ್ಯಕ್ರಮದ ನಡುನಡುವೆ ಜಾಹೀರಾತು ಹರಿದಿದೆ. ನೋಡುವ ಮಗುವಿಗೆ ಎರಡೂ ಒಟ್ಟಿಗೇ ತಲುಪುತ್ತಿದ್ದವು.

ಅಂಚೆಪೆಟ್ಟಿಗೆ
ಆದರೆ ಈ ಕಾರ್ಟೂನಿನಿಂದ ಅಲ್ಯೂಮಿನಿಯಂ ಕ್ರಿಸ್ಮಸ್ ಮರಗಳ ವ್ಯಾಪಾರವೇ ನಿಂತುಹೋಯಿತಂತೆ. ಒಂದು ಕಾರ್ಟೂನಿಗೆ ಅಷ್ಟು ಶಕ್ತಿ!

ಲೋಹದ ಮನುಷ್ಯ
ಅಲ್ಯೂಮಿನಿಯಂ ಮರ ಎಂದಿರಿ, ನನಗೆ ಇದು ಪ್ರಿಯವಾದ ವಿಷಯ. ನಾನಿರುವುದು ವಿಸ್ಕಾನ್ಸಿನ್‌ನಲ್ಲಿ. ಇಲ್ಲಿನ ಮ್ಯಾನಿಟೋವಾಕ್ ಊರಿನ ಕಾರ್ಖಾನೆಯೊಂದು 'ಎವರ್‌ಗ್ಲೀಮ್' ಎಂಬ ಹೆಸರಿನಲ್ಲಿ ಈ ಮರಗಳನ್ನು 1950ರ ದಶಕದ ಕೊನೆಯಿಂದ ಮಾಡುತ್ತಿತ್ತು. ಲೋಹದ ಮರಕ್ಕೆ ವಿದ್ಯುತ್ ದೀಪದ ಸರ ಸುತ್ತಿದರೆ ಶಾಕ್ ಹೊಡೆಯುವ ಅಪಾಯ. ಅದಕ್ಕೇ ನೆಲದ ಮೇಲೆ ಒಂದು ದೀಪ ಇಟ್ಟು, ಅದರ ಮುಂದೆ ಬಣ್ಣದ ಗಾಜಿನಂಥ ಚಕ್ರ ತಿರುಗಿಸುತ್ತಿದ್ದರು. ಮರ ಕೆಂಪಾಗಿ, ನೀಲಿಯಾಗಿ, ಹಸಿರಾಗಿ ಬದಲಾಗುತ್ತಿತ್ತು. ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂದನ್ನು ಉರಿಸಿ ತೋರಿಸಿದ್ದರು. ನಿಜ ಹೇಳುತ್ತೇನೆ, ಬಹಳ ಸುಂದರ.

ಕಾರ್ಟೂನೇ ಕೊಂದಿತು ಎಂಬುದು ಅತಿಶಯ. 60ರ ದಶಕ ಮುಗಿಯುವ ಹೊತ್ತಿಗೆ ಬೇಡಿಕೆ ಇಳಿದದ್ದು ನಿಜ, ಆದರೆ ಫ್ಯಾಷನ್ ಬಂದ ಹಾಗೆಯೇ ಹೋಗುತ್ತದೆ. ಕಾರ್ಟೂನ್ ಒಂದು ಏಟು ಹಾಕಿತು ಎನ್ನಬಹುದು. ಮರದ ಅಂಗಡಿಯ ದೃಶ್ಯದಲ್ಲಿ ಲೈನಸ್ ಲೋಹದ ಮರವನ್ನು ಬಡಿದಾಗ ಠಣ್ ಎನ್ನುತ್ತದೆ. ಆಮೇಲೆ ಆ ಪುಟ್ಟ ಹಸಿರು ಗಿಡ ನೋಡಿ, ಕಟ್ಟಿಗೆಯ ಮರವನ್ನು ಈಗಲೂ ತಯಾರಿಸುತ್ತಾರೆಯೇ ಎಂದು ಮುಗ್ಧವಾಗಿ ಕೇಳುತ್ತಾನೆ. ಆ ಮಾತು ಕೇಳಿದ ಮೇಲೆ ಲೋಹದ ಮರ ಕೊಳ್ಳಲು ಯಾರಿಗೂ ಸ್ವಲ್ಪ ಸಂಕೋಚವೇ.

ಬೆಂಗಳೂರು ದಂಡು
ಮರದ ಮಾತು ಬಂತಲ್ಲ, ನಾವು ಚಿಕ್ಕವರಿದ್ದಾಗ ಬೆಂಗಳೂರಿನಲ್ಲಿ ಸರ್ವೆ ಮರದ ಕೊಂಬೆ ತಂದು ಬಕೆಟ್ಟಿನ ಮಣ್ಣಿನಲ್ಲಿ ನೆಡುತ್ತಿದ್ದೆವು. ಸೂಜಿ ಎಲೆಗಳು ಎರಡೇ ದಿನಕ್ಕೆ ಉದುರಲು ಶುರು. ಬಲೂನು ಕಟ್ಟಿದರೆ ಕೊಂಬೆ ಬಾಗುತ್ತಿತ್ತು. ಚಾರ್ಲಿಯ ಗಿಡ ಒಂದು ಗೋಲಿಯ ಭಾರಕ್ಕೆ ನೆಲ ಮುಟ್ಟುವುದನ್ನು ನೋಡಿದಾಗ ನಮ್ಮ ಮನೆಯವರಿಗೆಲ್ಲ ಅದು ಪರಿಚಿತ ದೃಶ್ಯ.

ಕರಾವಳಿಯ ಓದುಗ
ಮಂಗಳೂರಿನಲ್ಲಿ ನಮಗೆ ಮರಕ್ಕಿಂತ ಗೋದಲಿ ಮುಖ್ಯ. ಹುಲ್ಲು, ಮಣ್ಣಿನ ಗೊಂಬೆಗಳು, ಭತ್ತ ಮೊಳಕೆ ಬರಿಸಿ ಮಾಡಿದ ಪುಟ್ಟ ಗದ್ದೆ. ಜೊತೆಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ: ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ. ಚರ್ಚಿನ ಮಕ್ಕಳ ನಾಟಕದಲ್ಲಿ ನನ್ನ ತಮ್ಮನಿಗೆ ಪ್ರತಿ ಸಲವೂ ಕುರುಬನ ಪಾತ್ರವೇ. ಚಾರ್ಲಿಯ ನಾಟಕದಲ್ಲಿ ಶರ್ಮಿ ಎಂಬ ಹುಡುಗ, ಪ್ರತಿ ಕ್ರಿಸ್ಮಸ್‌ಗೂ ನನಗೆ ಕುರುಬನ ಪಾತ್ರವೇ ಗತಿ ಎಂದು ಗೊಣಗುತ್ತಾನಲ್ಲ, ಆ ಕ್ಷಣದಲ್ಲಿ ತಮ್ಮ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ.

ಕಾಡುಹೂವು
ಕಿಡಿಯೊ ಮಾಡುವ ವಿಧಾನ ಇದ್ದರೆ ಬರೆಯಿರಿ. ಫೋರ್ಕಿನ ಮೇಲೆ ಸುರುಳಿ ಸುತ್ತಲು ನನಗೆ ಬರುತ್ತಿಲ್ಲ.

ಕರಾವಳಿಯ ಓದುಗ
ಬೇರೆ ಎಳೆ ತೆರೆಯಿರಿ, ಅಮ್ಮನನ್ನು ಕೇಳಿ ಬರೆಯುತ್ತೇನೆ. ಹಿಟ್ಟು ಗಟ್ಟಿಯಾಗಿರಬೇಕು, ಇಷ್ಟು ಮಾತ್ರ ಈಗ ಹೇಳಬಲ್ಲೆ.

ನೇರಮಾತು
ಮತ್ತೆ ವಿಷಯಕ್ಕೆ. ಲೈನಸ್ ಬೈಬಲ್ ಓದುವ ಭಾಗ ನನಗೆ ಉಪದೇಶ ಎನಿಸಿತು. ಅದುವರೆಗೆ ನಗಿಸುತ್ತಿದ್ದವರು ಒಮ್ಮೆಲೇ ಪ್ರವಚನಕ್ಕೆ ಇಳಿದರು.

ಮೃದಂಗ ಮತ್ತು ಪಿಯಾನೋ
ಸ್ವತಃ ಮೆಲೆಂಡೆಜ್ ಅವರಿಗೂ ಇದೇ ಅಳುಕು ಇತ್ತು. ಕಾರ್ಟೂನಿನಲ್ಲಿ ಬೈಬಲ್ ಬೇಡ ಎಂದರು. ನಾವು ಮಾಡದಿದ್ದರೆ ಮತ್ತೆ ಯಾರು ಮಾಡುತ್ತಾರೆ ಎಂದು ಶುಲ್ಜ್ ಪಟ್ಟು ಬಿಡಲಿಲ್ಲ. ನಾನು ಕ್ರೈಸ್ತನಲ್ಲ. ಆದರೂ ನನಗೆ ಅದು ಉಪದೇಶವಾಗಿ ಕೇಳಿಸಲಿಲ್ಲ. ಸಂಗೀತ ನಿಲ್ಲುತ್ತದೆ. ಮಕ್ಕಳು ಸುಮ್ಮನಾಗುತ್ತಾರೆ. ಖಾಲಿ ವೇದಿಕೆಯ ನಡುವೆ ಹುಡುಗ ಹೋಗಿ ನಿಂತು ದೀಪ ಹಾಕಿ ಎನ್ನುತ್ತಾನೆ. ಲೂಕನ ಸುವಾರ್ತೆಯ ಎರಡನೇ ಅಧ್ಯಾಯದ 8ರಿಂದ 14ನೇ ವಚನಗಳು, ಸುಮಾರು ಒಂದು ನಿಮಿಷ. ಸ್ವರ ಏರುವುದಿಲ್ಲ, ಇಳಿಯುವುದಿಲ್ಲ. ಶಾಲೆಯಲ್ಲಿ ಕಂಠಪಾಠ ಒಪ್ಪಿಸುವ ಮಗುವಿನ ಧ್ವನಿ, ಅಷ್ಟೆ. ಅದೇ ಮಾತನ್ನು ಗಡಸು ಗಂಟಲಿನ ನಿರೂಪಕರು ಹೇಳಿದ್ದರೆ ನಾನೂ ಎದ್ದು ಹೋಗುತ್ತಿದ್ದೆ.

ಬೆಂಗಳೂರು ದಂಡು
ಅಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಲೈನಸ್ ತನ್ನ ನೀಲಿ ಹೊದಿಕೆಯನ್ನು ಬಿಟ್ಟು ಒಂದು ಕ್ಷಣವೂ ಇರುವವನಲ್ಲ. ದೇವದೂತ ಕುರುಬರಿಗೆ ಹೆದರಬೇಡಿ ಎನ್ನುವ ಮಾತು ಬರುವಾಗ ಆ ಹೊದಿಕೆ ಅವನ ಕೈಯಿಂದ ಜಾರುತ್ತದೆ. ನೋಡಿಲ್ಲದವರು ಮತ್ತೆ ನೋಡಿ.

ನೇರಮಾತು
ನೋಡಿದ್ದೇನೆ. ಮಾತು ಮುಗಿದ ಮೇಲೆ ಅದನ್ನೇ ಎತ್ತಿಕೊಂಡು ಹೋಗುತ್ತಾನೆ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ!

ಬೆಂಗಳೂರು ದಂಡು
ಎತ್ತಿಕೊಂಡು ಹೋಗುತ್ತಾನೆ, ಸರಿ. ಆದರೆ ಕೊನೆಯಲ್ಲಿ ಆ ಗಿಡದ ಬುಡಕ್ಕೆ ಸುತ್ತುವುದೂ ಅದೇ ಹೊದಿಕೆಯನ್ನೇ. ತನಗೆ ಆಸರೆಯಾದದ್ದನ್ನು ಅದಕ್ಕೆ ಕೊಡುತ್ತಾನೆ.

ಮಲೆನಾಡ ಮಳೆ
ಗಿಡದ ವಿಷಯವೇ ನನಗೆ ಅರ್ಥವಾಗದ್ದು. ನಾಲ್ಕು ಕೊಂಬೆ ಇದ್ದದ್ದು, ಮಕ್ಕಳು ಸುತ್ತ ನಿಂತು ಕೈ ಆಡಿಸಿದ ಕೂಡಲೇ ತುಂಬಿದ ಮರವಾಗುತ್ತದೆ. ಹೇಗೆ?

ರೇಖೆ ಮತ್ತು ಬಣ್ಣ
ಸುಮಾರು ಆರು ತಿಂಗಳಲ್ಲಿ ಅವಸರದಲ್ಲಿ ಮುಗಿಸಿದ ಕೆಲಸ, ಕೊಂಬೆಗಳ ಲೆಕ್ಕ ಅಲ್ಲಲ್ಲಿ ತಪ್ಪಿದೆ. ಆದರೆ ನೀವು ಹೇಳಿದ್ದು ತಪ್ಪಲ್ಲ, ಬೇಕೆಂದೇ ಮಾಡಿದ್ದು. ಸ್ನೂಪಿಯ ಮನೆಯ ಅಲಂಕಾರವನ್ನೆಲ್ಲ ಬಿಚ್ಚಿ ಇದಕ್ಕೆ ತೊಡಿಸುತ್ತಾರೆ. ಬಹುಮಾನ ಗೆದ್ದ ಅಲಂಕಾರ, ಬಹುಮಾನವಿಲ್ಲದ ಗಿಡಕ್ಕೆ ಹೋಗುತ್ತದೆ.

ತಯಾರಿಸಿದವರಿಗೂ ನಂಬಿಕೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಮುಗಿದ ಪ್ರತಿ ನೋಡಿ ಮೆಲೆಂಡೆಜ್, ಚಾರ್ಲಿ ಬ್ರೌನ್‌ನನ್ನು ಹಾಳು ಮಾಡಿದೆವು ಎಂದುಕೊಂಡರು. ತಂಡದ ಎಡ್ ಲೆವಿಟ್ ಎಂಬ ಕಲಾವಿದರೊಬ್ಬರು ಮಾತ್ರ, ಇದು ನೂರು ವರ್ಷ ಓಡುತ್ತದೆ ಎಂದರು. ಸಿಬಿಎಸ್ ಅಧಿಕಾರಿಗಳಿಗೆ ನಿಧಾನ ಎನಿಸಿತು, ಇನ್ನೊಂದು ಮಾಡಿಸುವ ಉತ್ಸಾಹವೇ ಇರಲಿಲ್ಲ. ಪ್ರಸಾರದ ದಿನ ನಿಗದಿಯಾಗಿದ್ದರಿಂದ ಹಾಕಲೇಬೇಕಾಯಿತು. 1965ರ ಡಿಸೆಂಬರ್ 9ರ ರಾತ್ರಿ ಅಮೆರಿಕದಲ್ಲಿ ಟಿವಿ ನೋಡುತ್ತಿದ್ದವರಲ್ಲಿ ಅರ್ಧದಷ್ಟು ಜನ ಇದನ್ನೇ ನೋಡಿದರು. ಮರುವರ್ಷ ಟಿವಿ ಕ್ಷೇತ್ರದ ಎಮ್ಮಿ ಪ್ರಶಸ್ತಿ ಬಂತು. ತುಂಗಾತೀರ ಅವರ ಪ್ರಶ್ನೆಗೆ ಇದೇ ನನ್ನ ಉತ್ತರ: ಆ ರಾತ್ರಿ ನೋಡಿದ ಯಾರಿಗೂ ಇದರ ಬಾಲ್ಯದ ನೆನಪು ಇರಲಿಲ್ಲ. ಎಲ್ಲರೂ ಮೊದಲ ಬಾರಿ ನೋಡಿದವರೇ.

ತುಂಗಾತೀರ
ಇದನ್ನು ಅಕ್ಷರ ಅಕ್ಷರ ಓದಿ ಹೇಳುತ್ತೇನೆ.

ಹಗಲುಗನಸು
ತಡವಾಗಿ ಬಂದೆ. ನಗುವಿನ ಧ್ವನಿಮುದ್ರಿಕೆ ಇಲ್ಲ ಎಂಬುದನ್ನು ಯಾರೂ ಹೇಳಲಿಲ್ಲವಲ್ಲ. ಆ ಕಾಲದಲ್ಲಿ 'ದ ಫ್ಲಿಂಟ್‌ಸ್ಟೋನ್ಸ್'ನಂಥ ಕಾರ್ಟೂನಿಗೂ ಹಿನ್ನೆಲೆಯಲ್ಲಿ ನಗು ತುಂಬುತ್ತಿದ್ದರು. ಶುಲ್ಜ್ ಖಡಾಖಂಡಿತವಾಗಿ ನಿರಾಕರಿಸಿದರು. ಅದರಿಂದಾಗಿ ಮಾತುಗಳ ನಡುವೆ ಜಾಗ ಉಳಿದಿದೆ. ಹಿಮ ಬೀಳುತ್ತದೆ, ಯಾರೂ ಏನೂ ಹೇಳುವುದಿಲ್ಲ.

ನಾನು ಟೊರೊಂಟೋಗೆ ಬಂದ ಮೊದಲ ವರ್ಷ ದೀಪಾವಳಿ ವಾರದ ಮಧ್ಯೆ ಬಂದಿತ್ತು. ಕಚೇರಿ ಮುಗಿಸಿ ಬಂದು, ವಿಡಿಯೋ ಕರೆಯಲ್ಲಿ ಮನೆಯವರ ದೀಪ ನೋಡಿ, ಅನ್ನ ಮೊಸರು ಊಟ ಮಾಡಿ ಮಲಗಿದೆ. ಡಿಸೆಂಬರ್‌ನಲ್ಲಿ ಈ ಕಾರ್ಟೂನ್ ನೋಡಿದಾಗ, ಚಾರ್ಲಿ ಮೊದಲ ನಿಮಿಷದಲ್ಲೇ ಕ್ರಿಸ್ಮಸ್ ಬರುತ್ತಿದೆ, ನನಗೆ ಸಂತೋಷವಾಗುತ್ತಿಲ್ಲ ಎಂದದ್ದು ಎದೆಗೆ ನಾಟಿತು. ಹಬ್ಬದ ಕಾರ್ಯಕ್ರಮವೊಂದು ಹೀಗೆ ಬಾಯಿಬಿಟ್ಟು ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಲೆನಾಡ ಮಳೆ
@ಹಗಲುಗನಸು, ಇದು ನನಗೆ ತಲುಪಿತು. ಮಗನಿಗೆ ಇಷ್ಟವಾಗಲಿಲ್ಲ ಎಂಬುದು ಬೇರೆ. ನಾನೊಬ್ಬನೇ ಕುಳಿತು ಇನ್ನೊಮ್ಮೆ ನೋಡುತ್ತೇನೆ. ಎಲ್ಲಿ ಸಿಗುತ್ತದೆ?

ಅಂಚೆಪೆಟ್ಟಿಗೆ
ಸಿಬಿಎಸ್‌ನಲ್ಲಿ 2000ದವರೆಗೆ, ಆಮೇಲೆ ಎಬಿಸಿಯಲ್ಲಿ ಬರುತ್ತಿತ್ತು. 2020ರಿಂದ ಹಕ್ಕು ಆಪಲ್‌ನ ಟಿವಿ ಸೇವೆಯ ಕೈಯಲ್ಲಿದೆ. ಆ ವರ್ಷ ಜನ ಗಲಾಟೆ ಮಾಡಿದ್ದಕ್ಕೆ ಸಾರ್ವಜನಿಕ ವಾಹಿನಿ ಪಿಬಿಎಸ್‌ನಲ್ಲೂ ಹಾಕಿದರು, ಮರುವರ್ಷವೂ ಬಂತು, ನಂತರ ಅದೂ ಇಲ್ಲ. ಕೆಲವು ವರ್ಷ ಡಿಸೆಂಬರ್‌ನಲ್ಲಿ ಒಂದೆರಡು ದಿನ ಚಂದಾ ಇಲ್ಲದವರಿಗೂ ತೆರೆದಿದ್ದಾರೆ. ಉಳಿದಂತೆ ಹಳೆಯ ಡಿವಿಡಿ ಸಿಕ್ಕರೆ ಕೊಂಡಿಟ್ಟುಕೊಳ್ಳಿ.

ನೇರಮಾತು
ಐವತ್ತೈದು ವರ್ಷ ಆಂಟೆನಾ ಇದ್ದ ಎಲ್ಲ ಮನೆಗೂ ಉಚಿತವಾಗಿ ಬರುತ್ತಿದ್ದದ್ದನ್ನು ಚಂದಾದ ಗೋಡೆಯ ಹಿಂದೆ ಇಟ್ಟರು. ವ್ಯಾಪಾರದ ಮಾತು ನಾನು ಎತ್ತಿದ್ದು ಸುಮ್ಮನೆ ಅಲ್ಲ.

ಕರಾವಳಿಯ ಓದುಗ
ಇದರಲ್ಲಿ ನಿಮ್ಮೊಂದಿಗೆ ನೂರಕ್ಕೆ ನೂರು ಇದ್ದೇನೆ.

ಹಳೆಯ ರೆಕಾರ್ಡು
1966ರ ಕ್ರಿಸ್ಮಸ್ ಕಾರ್ಟೂನ್ 'ಗ್ರಿಂಚ್' ಇದಕ್ಕಿಂತ ಮೇಲು ಎನ್ನುವವರು ಯಾರೂ ಇಲ್ಲವೇ? ಚಕ್ ಜೋನ್ಸ್ ನಿರ್ದೇಶನ, ಬೋರಿಸ್ ಕಾರ್ಲಾಫ್ ನಿರೂಪಣೆ. ಚಿತ್ರ ಬರೆಯುವ ಕೈಚಳಕದಲ್ಲಿ ಅದಕ್ಕೇ ನನ್ನ ಮತ.

ರೇಖೆ ಮತ್ತು ಬಣ್ಣ
ಕೈಚಳಕದಲ್ಲಿ ಹೌದು. ಗ್ರಿಂಚ್‌ನ ನಗು ಮುಖದ ತುಂಬ ಹರಡುವ ಆ ಕೆಲವು ಕ್ಷಣಗಳನ್ನು ವಿದ್ಯಾರ್ಥಿಗಳಿಗೆ ಈಗಲೂ ತೋರಿಸುತ್ತೇನೆ. ಆದರೆ ಅಲ್ಲಿ ಕೆಟ್ಟವನೊಬ್ಬ ಬದಲಾಗುತ್ತಾನೆ. ಚಾರ್ಲಿಯ ಕಥೆಯಲ್ಲಿ ಕೆಟ್ಟವರೇ ಇಲ್ಲ, ಅದು ಬರೆಯಲು ಹೆಚ್ಚು ಕಷ್ಟ.

ಕಾಡುಹೂವು
ಕುಣಿತದ ದೃಶ್ಯದಲ್ಲಿ ನೇರಳೆ ಉಡುಪಿನ ಇಬ್ಬರು ಹುಡುಗಿಯರು ತಲೆಯನ್ನು ಅತ್ತ ಇತ್ತ ಬೀಳಿಸುತ್ತಾರಲ್ಲ, ಅವರ ಹೆಸರೇನು? ಮನೆಯಲ್ಲಿ ಕೇಳುತ್ತಿದ್ದಾರೆ.

ರೇಖೆ ಮತ್ತು ಬಣ್ಣ
ಅವರು ಅವಳಿಗಳು, ಹೆಸರು 3 ಮತ್ತು 4. ಅವರ ಸೋದರನ ಹೆಸರು 5. ಲೋಕದಲ್ಲಿ ಎಲ್ಲಕ್ಕೂ ಸಂಖ್ಯೆಯಾಗಿದೆ ಎಂದು ಬೇಸತ್ತ ಅಪ್ಪ ಇಡೀ ಮನೆಯ ಹೆಸರನ್ನೇ ಸಂಖ್ಯೆಗೆ ಬದಲಿಸಿದ ಎಂಬುದು ಪತ್ರಿಕೆಯ ಕಾರ್ಟೂನ್ ಪಟ್ಟಿಯಲ್ಲಿ ಬಂದ ಕಥೆ. ಮನೆತನದ ಹೆಸರು 95472, ಶುಲ್ಜ್ ವಾಸವಿದ್ದ ಕ್ಯಾಲಿಫೋರ್ನಿಯಾದ ಸೆಬಾಸ್ಟೊಪೋಲ್ ಊರಿನ ಪಿನ್ ಕೋಡ್.

ಕಾಡುಹೂವು
ಹೇಳಿದೆ. ಈಗ ನಮ್ಮ ಮನೆಯ ಇಬ್ಬರೂ ತಮಗೆ 577201 ಎಂಬ ಹೆಸರು ಬೇಕೆಂದು ಜಗಳವಾಡುತ್ತಿದ್ದಾರೆ. ಅಜ್ಜಿಯ ಊರಿನದು.